ಎಲ್ಲರ ಅಂಗಿ ಹೊಲಿಯುವ ಸೂಜಿಯಕ್ಕ

ಶನಿವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೂಡುಮನೆಯ ಹಿಂಬದಿಯ ಕೋಣೆಯೊಂದರಲ್ಲಿ ಮಾತ್ರ ದೀಪ ಹತ್ತಿದೆ. ಉದ್ದನೆಯ ಮೇಜಿನ ಮೇಲೆ ಒಗೆದು ಒಣಗಿಸಿದ ಬಟ್ಟೆಗಳ ರಾಶಿ, ರಾಶಿಯ ಪಕ್ಕ ತಲೆ ತಗ್ಗಿಸಿ ಕೂತ ಒಬ್ಬ ಹೆಂಗಸು. ಆಕೆ ಒಂದೊಂದೇ ಬಟ್ಟೆ ಎತ್ತಿ ದೀಪಕ್ಕೆ ಅಡ್ಡ ಹಿಡಿಯುತ್ತಾಳೆ. ಬಟ್ಟೆಯಾಚೆಯಿಂದ ಬೆಳಕು ಚುಕ್ಕಿಯಾಗಿ ಇಣುಕಿದರೆ ಅಲ್ಲೊಂದು ತೂತಿದೆ ಎಂದರ್ಥ. ತೂತಿದ್ದದ್ದು ಎಡಕ್ಕೆ, ಇಲ್ಲದ್ದು ಬಲಕ್ಕೆ. ಎಡಗಡೆಯ ಗುಡ್ಡ ಬೇಗ ಬೆಳೆಯುತ್ತದೆ.

"ಗಂಡಸರ ಮೊಣಕೈ, ಹೆಂಗಸರ ಕಂಕುಳು, ಮಕ್ಕಳ ಮೊಣಕಾಲು. ಹರಿಯೋದೆಲ್ಲ ಇಲ್ಲೇ," ಎನ್ನುತ್ತಾಳೆ ಆಕೆ, ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಿಕೊಂಡು. "ಮೇಷ್ಟ್ರು ಒಬ್ಬರು ಬೇರೆ. ಯಾವ ಅಂಗಿ ಕೊಟ್ರೂ ಕಾಲರೇ ಹರೀತಾರೆ. ಯೋಚನೆ ಮಾಡ್ತಾ ಕತ್ತು ಉಜ್ಜಿಕೊಳ್ಳೋ ಅಭ್ಯಾಸ."

ದಾರ ಮೊದಲ ಸಲ ತಪ್ಪುತ್ತದೆ. ಎರಡನೆಯ ಸಲವೂ. ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಮತ್ತೆ ಹಿಡಿಯುವಾಗ ಅಕ್ಕಪಕ್ಕ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಕಣ್ಣಾಡಿಸುತ್ತಾಳೆ. ಎಪ್ಪತ್ತು ದಾಟಿದ ಈಕೆಯನ್ನು ಈ ಮನೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಕರೆಯುವುದು ಸೂಜಿಯಕ್ಕ ಎಂದೇ.

ಕೂಡುಮನೆ ಹೊರಗಿನಿಂದ ಹಳೆಯ ಗೋದಾಮಿನ ಹಾಗೆ ಕಾಣುತ್ತದೆ. ಒಂದು ಕಾಲಕ್ಕೆ ಗೋದಾಮೇ ಆಗಿತ್ತು. ಐವತ್ತು ವರ್ಷದ ಹಿಂದೆ ಕೆಲವು ಕ್ರೈಸ್ತ ಕುಟುಂಬಗಳು ಸೇರಿ, ಯೇಸುವಿನ ಶಿಷ್ಯರ ಕಾಲದ ಆದಿಸಭೆಯ ವಿಶ್ವಾಸಿಗಳು ಇದ್ದದ್ದನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು, ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಮನಸ್ಸಿನಿಂದ ಪ್ರಾರ್ಥಿಸಿ ಬಾಳಿದ್ದು ನಿಜವಾದರೆ ನಾವೂ ಯಾಕೆ ಬಾಳಬಾರದು ಎಂದು ಇಲ್ಲಿಗೆ ಬಂದವು. ಬಂದವರ ದುಡಿಮೆ ಎಲ್ಲರದ್ದಾಯಿತು, ಒಲೆ ಒಂದಾಯಿತು. ಬೆಳಗ್ಗೆ ಸಂಜೆ ಪ್ರಾರ್ಥನೆ, ಭಾನುವಾರ ಯೇಸುವಿನ ನೆನಪಿಗೆ ಒಂದೇ ರೊಟ್ಟಿ ಮುರಿದು ಹಂಚಿಕೊಳ್ಳುವುದು. ಹಗಲು ಹೊತ್ತು ಒಬ್ಬರು ಆಸ್ಪತ್ರೆಗೆ, ಒಬ್ಬರು ಶಾಲೆಗೆ, ಒಬ್ಬರು ಲಾರಿಗೆ ಎಂದು ಕೆಲಸಕ್ಕೆ ಹೋಗುತ್ತಾರೆ. ಹೊರಗಿನವರಿಗೆ ಇಷ್ಟೆಲ್ಲ ಹೇಗೋ ಅರ್ಥವಾಗುತ್ತದೆ. ಅರ್ಥವಾಗದೆ ಹುಬ್ಬೇರುವುದು ಬಟ್ಟೆಕೋಣೆಯ ವಿಷಯಕ್ಕೆ.

ಇಲ್ಲಿ ಯಾರಿಗೂ ತಮ್ಮದೇ ಆದ ಅಂಗಿಯಿಲ್ಲ. ಗೋಡೆಯುದ್ದಕ್ಕೂ ನಿಂತಿರುವ ಮರದ ಕಪಾಟಿನಲ್ಲಿ ಬಟ್ಟೆಗಳು ಅಳತೆಯ ಪ್ರಕಾರ ಕೂತಿವೆ, ಹೆಸರಿನ ಪ್ರಕಾರ ಅಲ್ಲ. ವಾರಕ್ಕೊಮ್ಮೆ ಎಲ್ಲವೂ ಒಗೆತಕ್ಕೆ ಬರುತ್ತವೆ, ಹೊಲಿಗೆ ಇಸ್ತ್ರಿ ಮುಗಿಸಿಕೊಂಡು ಕಪಾಟು ಸೇರುತ್ತವೆ. ಶನಿವಾರ ಸಂಜೆ ಪ್ರತಿಯೊಬ್ಬರ ಮಂಚದ ಮೇಲೂ ಮುಂದಿನ ವಾರದ ಗಂಟೊಂದು ಕೂತಿರುತ್ತದೆ. ಹೋದ ವಾರ ಡ್ರೈವರ್ ಹಾಕಿದ್ದ ಚೌಕಳಿ ಅಂಗಿ ಈ ವಾರ ಮೇಷ್ಟ್ರ ಮೈಮೇಲೆ. ಯಾರಿಗೆ ಯಾವುದು ಎಂದು ತೀರ್ಮಾನಿಸುವವಳು ಸೂಜಿಯಕ್ಕ.

"ಒಳಗಿನ ಬಟ್ಟೆ ಮಾತ್ರ ಅವರವರದ್ದೇ ಕಣ್ರೀ, ಅಷ್ಟೂ ಬುದ್ಧಿ ಇಲ್ಲದವರಲ್ಲ ನಾವು," ಎಂದು ಇಸ್ತ್ರಿಪೆಟ್ಟಿಗೆಯ ಹಿಂದಿನಿಂದ ಒಂದು ದನಿ ತೂರಿ ಬರುತ್ತದೆ. ಅದು ಸೂಜಿಯಕ್ಕನ ನಾದಿನಿಯದು. ಇಸ್ತ್ರಿಯ ಕೆಲಸ ಇವಳದ್ದು, ಬಾಯಿಯ ಕೆಲಸವೂ. ಅತ್ತಿಗೆ ನಾದಿನಿ ಈ ಕೋಣೆಯಲ್ಲಿ ಎದುರುಬದುರು ಕೂತು ನಲವತ್ತು ವರ್ಷವಾಗಿದೆ. ಜಗಳ ಬಿಟ್ಟರೆ ಇವರಿಗೆ ಬೇರೆ ಮಾತೇ ಇಲ್ಲ, ಜಗಳ ನಿಂತ ದಿನ ಊಟ ಸೇರುವುದಿಲ್ಲ.

ಸೂಜಿಯಕ್ಕ ಇಲ್ಲಿಗೆ ಬಂದದ್ದು ಮದುವೆಯಾದ ಹೊಸದರಲ್ಲಿ. ಗಂಡ ಬಡಗಿ. ಅವನಿಗೆ ಈ ಬಾಳಿನ ಮೇಲೆ ಮನಸ್ಸು, ಅವಳಿಗೆ ಅವನ ಮೇಲೆ. ಬಂದ ದಿನವೇ ಟ್ರಂಕು ಬಿಚ್ಚಿ ಬಟ್ಟೆಯೆಲ್ಲ ಕಪಾಟಿಗೆ ಕೊಡಬೇಕಾಯಿತು. ಅದರಲ್ಲಿ ಅವಳೇ ಕೈಯಾರೆ ಹೊಲಿದುಕೊಂಡಿದ್ದ ನೀಲಿ ಸ್ಕರ್ಟೊಂದಿತ್ತು.

"ಭಾನುವಾರ ನೋಡ್ತೀನಿ, ಅಡುಗೆ ಮಾಡೋ ಹೆಂಗಸು ನನ್ನ ನೀಲಿ ಸ್ಕರ್ಟ್ ಹಾಕ್ಕೊಂಡು ಮುಂದಿನ ಸಾಲಲ್ಲಿ ಕೀರ್ತನೆ ಹಾಡ್ತಾ ಇದಾಳೆ! ನನಗೆ ಒಂದು ಸಾಲೂ ಹಾಡೋಕಾಗಲಿಲ್ಲ. ನೀರಿನ ತೊಟ್ಟಿ ಹಿಂದೆ ಹೋಗಿ ಅತ್ತೆ. ಅವಳ ಸೊಂಟ ಬೇರೆ ದಪ್ಪ, ಹೊಲಿಗೆ ಬಿಟ್ಟುಹೋಗುತ್ತೆ ಅಂತ ಅದೊಂದು ಸಂಕಟ." ನಗುತ್ತಾಳೆ. "ಮೂರ್ನಾಲ್ಕು ದಿನಕ್ಕೆ ಬಿಟ್ಟೇಹೋಯ್ತು. ಅವಳು ನಾಚಿಕೊಂಡು ಸೊಂಟ ಹಿಡ್ಕೊಂಡು ಓಡಾಡ್ತಿದ್ಳು. ಕೊಡಿ ಇಲ್ಲಿ, ಹೊಲಿದುಕೊಡ್ತೀನಿ ಅಂದೆ. ಅವಳ ಅಳತೆಗೆ ಬಿಚ್ಚಿ ಹೊಲಿದೆ. ಹೊಲಿದು ಮುಗಿಯೋ ಹೊತ್ತಿಗೆ ಅದು ನನ್ನದು ಅನ್ನೋ ಸಿಟ್ಟೇ ಇರಲಿಲ್ಲ. ಎಲ್ಲಿ ಹೋಯ್ತೋ! ಅಲ್ಲಿಂದ ಶುರುವಾಯ್ತು ನೋಡಿ ಈ ಕೆಲಸ."

ಆಗ ಮನೆ ಕಿಕ್ಕಿರಿದಿತ್ತು. ಎಪ್ಪತ್ತು ಜನ, ನಡುಮನೆಯಲ್ಲಿ ಜಾಗ ಸಾಲದೆ ಜಗಲಿಯಲ್ಲೂ ಮಂಚ ಹಾಕಿದ್ದರು. ಊಟಕ್ಕೆ ಕೂತರೆ ಒಂದು ತುದಿಯಲ್ಲಿ ಹೇಳಿದ ನಗೆಮಾತು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಬೇರೆಯದೇ ಮಾತಾಗಿರುತ್ತಿತ್ತು. ಚಳಿಗಾಲ ಬಂತೆಂದರೆ ಸೂಜಿಯಕ್ಕನ ಹೊಲಿಗೆಯಂತ್ರ ನಿಲ್ಲುತ್ತಲೇ ಇರಲಿಲ್ಲ, ತುಳಿದು ತುಳಿದು ಪಾದ ಬಾತುಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ದೊಡ್ಡ ಸ್ವೆಟರ್ ಹರಿದರೆ ನೂಲು ಬಿಚ್ಚಿ ಚಿಕ್ಕ ಸ್ವೆಟರ್, ಅದೂ ಹರಿದರೆ ಕಾಲುಚೀಲ, ಅದೂ ಹರಿದರೆ ಕೂಸಿನ ಟೋಪಿ. ಈಗ ಗಡ್ಡ ಬಂದಿರುವ ಎಷ್ಟೋ ಗಂಡಸರ ತಲೆ ಒಂದು ಕಾಲಕ್ಕೆ ಮೇಷ್ಟ್ರ ಸ್ವೆಟರಿನ ನೂಲಿನೊಳಗೆ ಬೆಚ್ಚಗಿತ್ತು.

ಆಮೇಲೆ ಒಬ್ಬೊಬ್ಬರಾಗಿ ಹೊರಟರು. ಯಾರೂ ಮುನಿಸಿಕೊಂಡು ಹೋಗಲಿಲ್ಲ ಎಂದು ಆಕೆ ಎರಡು ಸಲ ಹೇಳುತ್ತಾಳೆ. ಹೊರಡುವವರಿಗೆಲ್ಲ ಹೊಸ ಜೊತೆ ಬಟ್ಟೆ ಹೊಲಿದು ಕೊಡುವುದು ಈ ಕೋಣೆಯ ಪದ್ಧತಿ. "ಹೋಗೋರಿಗೆ ಹೊಸದು. ಇರೋರು ತೇಪೆ ಹಾಕ್ಕೊಂಡ್ರೂ ನಡೆಯುತ್ತೆ, ನಮ್ಮನ್ನ ಯಾರು ನೋಡ್ತಾರೆ?" ಈಗ ಉಳಿದಿರುವವರು ಇಪ್ಪತ್ತಮೂರು ಜನ. ಕಪಾಟಿನ ಮೇಲಿನ ಎರಡು ಅಡ್ಡಹಲಗೆಗಳು ಬರಿದಾಗಿವೆ. ಅವುಗಳ ಧೂಳನ್ನು ಮಾತ್ರ ಆಕೆ ತಪ್ಪದೆ ಒರೆಸುತ್ತಾಳೆ.

ಈ ಬಟ್ಟೆಕೋಣೆ ಇನ್ನು ಎಷ್ಟು ದಿನ ಎಂಬ ಪ್ರಶ್ನೆ ಎದ್ದಿರುವುದು ಹೋದ ತಿಂಗಳಿನಿಂದ. ಅದಕ್ಕೆ ಕಾರಣ ಒಂದು ಫ್ರಾಕು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಮ್ಮನ ಮಗಳಿಗೆ ಆರು ವರ್ಷ. ಜೇಬಿನ ಮೇಲೆ ಬಾತುಕೋಳಿಯ ಕಸೂತಿಯಿದ್ದ ಹಳದಿ ಫ್ರಾಕೆಂದರೆ ಅವಳಿಗೆ ಪ್ರಾಣ. ಒಂದು ವಾರ ಅದು ಈಗಿನ ಅಡುಗೆಯವಳ ಮಗಳ ಗಂಟಿಗೆ ಹೋಯಿತು. ಅಂಗಳದಲ್ಲಿ ಅವಳ ಮೈಮೇಲೆ ಅದನ್ನು ಕಂಡದ್ದೇ ತಡ, ಈ ಹುಡುಗಿ ಓಡಿಹೋಗಿ ಬಾತುಕೋಳಿಯನ್ನು ಹಿಡಿದು ಎಳೆದಳು. ಜೇಬು ಕಿತ್ತು ಬಂತು. ಮಕ್ಕಳು ಸಂಜೆಗೆಲ್ಲ ರಾಜಿಯಾದರು, ತಾಯಂದಿರು ಆಗಲಿಲ್ಲ. ಇಲ್ಲಿ ಮನಸ್ತಾಪ ಇಟ್ಟುಕೊಂಡು ರೊಟ್ಟಿ ಮುರಿಯುವಂತಿಲ್ಲ. ಆ ಭಾನುವಾರ ರೊಟ್ಟಿ ಬಟ್ಟೆ ಮುಚ್ಚಿಕೊಂಡು ಮೇಜಿನ ಮೇಲೆ ಕಾಯಿತು, ಮಧ್ಯಾಹ್ನದ ತನಕ.

ಕೊನೆಗೆ ಅವರೂ ರಾಜಿಯಾದ ಮೇಲೆ ನರ್ಸಮ್ಮ ಎದ್ದುನಿಂತು ಕೇಳಿದಳು: "ನಾವು ದೊಡ್ಡವರು, ಆರಿಸಿಕೊಂಡು ಬಂದ್ವಿ. ಮಕ್ಕಳು ಆರಿಸಿಕೊಂಡಿಲ್ಲ. ಊಟ ಒಟ್ಟಿಗೇ ಇರಲಿ, ದುಡಿಮೆ ಒಟ್ಟಿಗೇ ಇರಲಿ. ಬಟ್ಟೆಗೆ ಮಾತ್ರ ಮನೆಮನೆಗೊಂದು ಕಪಾಟು ಕೊಡಬಾರದಾ?"

ಕೂಡುಮನೆಯಲ್ಲಿ ಕೈ ಎತ್ತಿಸಿ ಎಣಿಸುವ ರೂಢಿಯಿಲ್ಲ. ದೊಡ್ಡ ಮಾತು ಯಾವುದೇ ಇರಲಿ, ಪ್ರತಿಯೊಬ್ಬರೂ ಬಾಯಿಬಿಟ್ಟು ಹೂಂ ಅನ್ನಬೇಕು. ಒಬ್ಬರು ತಡೆದರೂ ಎಲ್ಲರೂ ಕಾಯಬೇಕು. ಮೊದಲ ವಾರ ಕೆಲವರು, ಮರುವಾರ ಇನ್ನಷ್ಟು ಜನ ಹೂಂ ಎಂದರು. ಮೇಷ್ಟ್ರು ಸಭಾಹಿರಿಯರು, ಕತ್ತು ಉಜ್ಜಿ ಉಜ್ಜಿ ಕೊನೆಗೆ ಅವರೂ ಎಂದರು. ಉಳಿದವಳು ಒಬ್ಬಳೇ. ಮೂರು ಭಾನುವಾರದಿಂದ ಕೇಳಿದಾಗಲೆಲ್ಲ ಸೂಜಿಯಕ್ಕ ಹೇಳುವುದು ಒಂದೇ: "ಇನ್ನೊಂದು ವಾರ ಕೊಡಿ."

ಕೆಲಸ ಕೈತಪ್ಪುತ್ತದೆಂದು ಹಟ ಹಿಡಿದಿದ್ದಾಳೆ ಎಂದು ಕೆಲವರು ಅಂದುಕೊಂಡಿದ್ದಾರೆ. ಸೂಜಿಯಕ್ಕ ಎದುರಾದರೆ ನರ್ಸಮ್ಮ ತಲೆ ತಗ್ಗಿಸಿ ಹೋಗುತ್ತಾಳೆ. ನಿಜ ಏನೆಂದು ತಿಳಿದಿರುವವಳು ನಾದಿನಿ ಮಾತ್ರ. ಅವಳು ಬಾಗಿಲ ಹಿಂದೆ ತೂಗುಹಾಕಿರುವ ಕಂದು ಬಣ್ಣದ ಉಣ್ಣೆಯ ಕೋಟಿನ ಕಡೆ ಗದ್ದ ಎತ್ತಿ ತೋರಿಸುತ್ತಾಳೆ.

ಅದು ಸೂಜಿಯಕ್ಕನ ಗಂಡನ ಕೋಟು. ಗಂಡನ ಕೋಟು ಎನ್ನುವ ಹಾಗೂ ಇಲ್ಲ. ಒಂದು ಕೊರೆಯುವ ಚಳಿಗಾಲದಲ್ಲಿ ಯಾರೋ ಕೊಟ್ಟ ದಪ್ಪ ಕಂಬಳಿಯಿಂದ ಆಕೆ ಅದನ್ನು ಹೊಲಿದಳು. ಉಳಿದದ್ದೆಲ್ಲ ಕೈಯಿಂದ ಕೈಗೆ ಓಡಾಡುವಾಗ, ಕುಳ್ಳಗೆ ಅಗಲವಾಗಿದ್ದ ಬಡಗಿಗೆ ಬಿಟ್ಟು ಬೇರೆ ಯಾರಿಗೂ ಅದು ಕೂರುತ್ತಿರಲಿಲ್ಲ. ಹಾಗಾಗಿ ಪ್ರತಿ ಚಳಿಗಾಲ ತಿರುಗಿ ತಿರುಗಿ ಅವನಿಗೇ ಬರುತ್ತಿತ್ತು. ಒಂಬತ್ತು ವರ್ಷದ ಹಿಂದೆ ಅವನು ತೀರಿಕೊಂಡ. ತೀರಿದವರ ಬಟ್ಟೆಯನ್ನೂ ಒಗೆದು ಕಪಾಟಿಗೆ ಸೇರಿಸುವುದು ಮನೆಯ ನಿಯಮ. ಮಣ್ಣಾದ ಮರುದಿನ ಸೂಜಿಯಕ್ಕ ಕೋಟನ್ನು ತಾನೇ ಒಗೆದಳು, ತಾನೇ ಹಿಂಡಿದಳು, ಒಣಗಿದ ಮೇಲೆ ತಾನೇ ಮಡಚಿಟ್ಟಳು.

"ನಾನು ಕೊಡಬೇಡ ಅಂದೆ," ನಾದಿನಿ ಇಸ್ತ್ರಿ ನಿಲ್ಲಿಸುತ್ತಾಳೆ. "ನಮ್ಮಣ್ಣನ ಕೋಟು, ಒಂದು ಇಟ್ಕೊಂಡ್ರೆ ದೇವರು ಏನು ಕೇಳ್ತಾನಾ ಅಂದೆ. ಕಿವಿಗೇ ಹಾಕ್ಕೊಳ್ಳಲಿಲ್ಲ ಈ ಮಹಾತಾಯಿ."

"ನೀನು ಕಾಲರು ಸುಡ್ತಾ ಇದೀಯ."

"ಸುಡಲ್ಲ. ಮಾತು ಮರೆಸಬೇಡ ಅತ್ತಿಗೆ."

ಆಮೇಲೆ ಕೋಟು ಕಾವಲುಗಾರ ಮುದುಕನ ಮೈ ಬೆಚ್ಚಗಿಟ್ಟಿತು. ಅವನಾದ ಮೇಲೆ ಓದಲು ಬಂದಿದ್ದ ಒಬ್ಬ ಗಿಡ್ಡ ಹುಡುಗನದು. ಮೂರು ಚಳಿಗಾಲದಿಂದ ಡ್ರೈವರನದು. ಅಸ್ತರು ಹರಿದಾಗ, ಗುಂಡಿ ಸಡಿಲಾದಾಗ ಅದು ಮೇಜಿನ ಮೇಲೆ ಬರುತ್ತದೆ. ಅಂದು ಸೂಜಿಯಕ್ಕ ಬೇರೆ ಕೆಲಸ ಮುಟ್ಟುವುದಿಲ್ಲ. ಒಂದು ಗುಂಡಿ ಹಚ್ಚಲು ಒಂದು ಬೆಳಗ್ಗೆ ಬೇಕಾಗುತ್ತದೆ ಎಂದು ನಾದಿನಿ ರೇಗಿಸುತ್ತಾಳೆ.

ತೊಡಕು ಇರುವುದು ತೋಳಿನಲ್ಲಿ. ಡ್ರೈವರ್ ಎತ್ತರದ ಆಳು. ತೋಳು ಅವನ ಮಣಿಕಟ್ಟು ಮುಟ್ಟುವುದಿಲ್ಲ. ನಸುಕಿನಲ್ಲಿ ಲಾರಿ ಹತ್ತುವಾಗ ಕೈಯೆರಡನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಹೋಗುತ್ತಾನೆ. ಮೊದಲ ವರ್ಷವೇ ಬಂದು, ತೋಳು ಉದ್ದ ಮಾಡಿಕೊಡಿ ಎಂದು ಕೇಳಿದ್ದ. ಸೂಜಿಯಕ್ಕ ತಲೆ ಎತ್ತದೆ, "ಒಳಗೆ ಬಟ್ಟೆ ಇಲ್ಲಪ್ಪ," ಎಂದಿದ್ದಳು. ಬಟ್ಟೆ ಇದೆ. ಹೊಲಿಯುವಾಗ ಕಂಬಳಿ ಉಳಿದಿತ್ತು, ಕತ್ತರಿಸಲು ಮನಸ್ಸಾಗದೆ ತೋಳಿನೊಳಗೇ ನಾಲ್ಕು ಬೆರಳಗಲ ಮಡಚಿ ಹೊಲಿದಿದ್ದಳು. ಆ ಮಡಿಕೆ ಬಿಚ್ಚಿದರೆ ಗಂಡನ ಕೈಯ ಅಳತೆ ಹೋಗುತ್ತದೆ. ಅದೊಂದನ್ನು ಆಕೆ ಕಪಾಟಿಗೆ ಕೊಟ್ಟಿರಲಿಲ್ಲ.

"ಈಗ ಮನೆಗೊಂದು ಕಪಾಟು ಬರುತ್ತೆ ತಾನೆ," ನಾದಿನಿ ದನಿ ತಗ್ಗಿಸುತ್ತಾಳೆ. "ನಿನಗೂ ಒಂದು ಬರುತ್ತೆ. ಹೂಂ ಅಂದುಬಿಡು, ಕೋಟು ಕೇಳಿಬಿಡು. ಯಾರೂ ಇಲ್ಲ ಅನ್ನಲ್ಲ. ಇನ್ನೆಷ್ಟು ವರ್ಷ ಪಕ್ಕದವರ ಬೆನ್ನ ಮೇಲೆ ಅಣ್ಣನ್ನ ನೋಡ್ತೀಯ?"

ಸೂಜಿಯಕ್ಕ ಹಲ್ಲಿನಿಂದ ದಾರ ಕಡಿಯುತ್ತಾಳೆ. ಇನ್ನೊಂದು ಗುಂಡಿ ಹಚ್ಚಿ ಮುಗಿಸುತ್ತಾಳೆ.

"ಅದಕ್ಕೇ ಕಣೇ ಹೂಂ ಅನ್ನೋಕಾಗ್ತಿಲ್ಲ," ಎನ್ನುತ್ತಾಳೆ ಕೊನೆಗೆ. "ಆ ಮಗು ಅತ್ತಿದ್ದು ನನಗೆ ಗೊತ್ತು. ಹಾಗೇ ಅತ್ತೋಳು ನಾನು. ಅದಕ್ಕೆ ಹೂಂ ಅನ್ನಬೇಕು ಅಂತ ಬಾಯಿ ತೆಗೀತೀನಿ, ಕಣ್ಣೆದುರಿಗೆ ಕೋಟು ಬಂದು ನಿಲ್ಲುತ್ತೆ. ಮಗುಗೋಸ್ಕರ ಅಂದೆನೋ ಕೋಟಿಗೋಸ್ಕರ ಅಂದೆನೋ ನನಗೇ ಗೊತ್ತಾಗಲ್ಲ. ಎಲ್ಲರ ಎದುರು ನಿಂತು, ದೇವರ ಹೆಸರು ಹೇಳಿ, ಕೋಟಿಗೋಸ್ಕರ ಹೂಂ ಅನ್ನಲಾ?"

ನಾದಿನಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ಆಗಲೇ ಇಸ್ತ್ರಿಯಾಗಿದ್ದ ಅಂಗಿಯ ಮೇಲೆ ಇನ್ನೊಮ್ಮೆ ಎಳೆಯುತ್ತಾಳೆ.

ಗಂಟೆ ಹೊಡೆಯುತ್ತದೆ. ಇಬ್ಬರೂ ಪ್ರಾರ್ಥನೆಗೆ ಹೋಗಿ ಬರುತ್ತಾರೆ. ಗಂಜಿ ಕುಡಿಯುತ್ತಾರೆ. ಬಟ್ಟೆಯ ಗುಡ್ಡ ಕರಗುತ್ತ ಬರುತ್ತದೆ: ಏಳು ತೇಪೆ, ಹದಿನೈದು ಗುಂಡಿ, ಒಂದು ಜಿಪ್ಪು, ಮೇಷ್ಟ್ರ ಕಾಲರು ಎರಡು. ಹಳದಿ ಫ್ರಾಕಿಗೆ ಜೇಬು ಮತ್ತೆ ಕೂತಿದೆ, ಬಾತುಕೋಳಿಯ ಕತ್ತು ಮಾತ್ರ ಸ್ವಲ್ಪ ಸೊಟ್ಟ. ಮಧ್ಯಾಹ್ನದ ಹೊತ್ತಿಗೆ, ಯಾರೂ ಕೇಳದೆಯೇ, ಸೂಜಿಯಕ್ಕ ಬಾಗಿಲಿಗೆ ಹೋಗಿ ಅಂಗಳದ ಕಡೆ ಕೂಗುತ್ತಾಳೆ.

"ಏ ಡ್ರೈವರ್! ಬಾ ಇಲ್ಲಿ. ಕೋಟು ಹಾಕ್ಕೋ."

ಡ್ರೈವರ್ ಎಣ್ಣೆಗೈ ಒರೆಸಿಕೊಳ್ಳುತ್ತ ಬರುತ್ತಾನೆ. ನಲವತ್ತರ ಆಸುಪಾಸಿನ ಮನುಷ್ಯ, ಹೆಂಡತಿ ತೀರಿದ ಮೇಲೆ ಇಲ್ಲಿಗೆ ಬಂದವನು. ಹೇಳಿದಂತೆ ಕೋಟು ಹಾಕಿಕೊಂಡು ಕೈ ಚಾಚುತ್ತಾನೆ. ಸೂಜಿಯಕ್ಕ ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಕೋಟು ಬಿಚ್ಚಿಸಿಕೊಂಡು ತೋಳನ್ನು ಒಳಮಗ್ಗುಲಾಗಿ ತಿರುವುತ್ತಾಳೆ.

"ಬಟ್ಟೆ ಇಲ್ಲ ಅಂದಿದ್ರಿ ಅಕ್ಕಾ?"

"ಇತ್ತು. ಸುಳ್ಳು ಹೇಳಿದ್ದೆ."

"ಪ್ರಾರ್ಥನೆ ಮಾಡೋ ಮನೇಲಿ ಸುಳ್ಳಾ?"

"ಪ್ರಾರ್ಥನೆ ಕೋಣೆ ಆ ಕಡೆ. ಇದು ಬಟ್ಟೆಕೋಣೆ."

ನಾದಿನಿ ನಗಲು ಹೋಗಿ ನಗುವುದಿಲ್ಲ. ಸೂಜಿಯಕ್ಕ ಬ್ಲೇಡಿನ ಮೂಲೆಯಿಂದ ಹಳೆಯ ಹೊಲಿಗೆಯನ್ನು ಒಂದೊಂದೇ ಬಿಚ್ಚುತ್ತಾಳೆ. ಬಿಗಿಯಾದ ಸಣ್ಣ ಹೊಲಿಗೆಗಳು, ಹರೆಯದ ಕಣ್ಣಿನವು. ಮಡಿಕೆ ತೆರೆದುಕೊಳ್ಳುತ್ತದೆ. ಇಷ್ಟು ವರ್ಷ ಬಿಸಿಲು ಕಾಣದ ಉಣ್ಣೆ ಒಳಗೆ ಹೊಸದರಂತೆ ಕಡುಕಂದು ಬಣ್ಣದಲ್ಲಿ ಉಳಿದಿದೆ, ಮಡಿಕೆಯ ಗೆರೆಯಲ್ಲಿ ಮರದ ಹೊಟ್ಟಿನ ಸಣ್ಣ ಪುಡಿ. ಆಕೆ ಅದನ್ನು ಬೆರಳ ತುದಿಗೆ ತೆಗೆದುಕೊಂಡು ನೋಡುತ್ತಾಳೆ. ಎಷ್ಟು ಸಲ ಒಗೆದರೂ ಹೋಗದೆ ಕೂತಿದ್ದ ಪುಡಿ. ಆಮೇಲೆ ಏಪ್ರನ್ನಿಗೆ ಬೆರಳು ಒರೆಸಿಕೊಂಡು ಹೊಸ ಅಂಚು ಹಿಡಿದು ಹೊಲಿಯಲು ಕೂರುತ್ತಾಳೆ.

ಡ್ರೈವರನಿಗೆ ಏನೋ ಹೊಳೆದಂತಿದೆ. "ಅಕ್ಕಾ, ಕಪಾಟು ಬಂದ್ರೆ ಇದು ನಿಮ್ಮ ಹತ್ರಾನೇ ಇರಲಿ. ನಾನು ಬೇರೇದು ನೋಡ್ಕೋತೀನಿ."

"ಬಾಯಿ ಮುಚ್ಚಿಕೊಂಡು ಇನ್ನೊಂದು ಕೈ ನೀಡು. ಎರಡೂ ಒಂದೇ ಉದ್ದ ಅಂತ ಯಾರು ಹೇಳಿದ್ರು?"

ಮರುದಿನ ಭಾನುವಾರ. ನಡುಮನೆಯ ಉದ್ದ ಮೇಜಿನ ಸುತ್ತ ಇಪ್ಪತ್ತಮೂರು ಜನ. ರೊಟ್ಟಿ ಬಿಳಿ ಬಟ್ಟೆಯ ಕೆಳಗಿದೆ. ಕೀರ್ತನೆ ಮುಗಿದ ಮೇಲೆ ಮೇಷ್ಟ್ರು ಕತ್ತಿಗೆ ಕೈ ಹಾಕಿ, ಸೂಜಿಯಕ್ಕನ ಕಣ್ಣು ಬಿದ್ದದ್ದು ಕಂಡು ಕೈ ಕೆಳಗಿಳಿಸುತ್ತಾರೆ. "ತಂಗೀ, ಕೇಳಲಾ? ಇನ್ನೊಂದು ವಾರ ಬೇಕಾ?"

"ಬೇಡ," ಎನ್ನುತ್ತಾಳೆ ಸೂಜಿಯಕ್ಕ, ಮೇಜು ಹಿಡಿದು ಎದ್ದುನಿಂತು. "ಒಂದು ವಸ್ತುವಿನ ಮೇಲೆ ನನಗೆ ಆಸೆ ಇತ್ತು. ಅದು ಇರೋವಾಗ ಹೂಂ ಅನ್ನೋಕೆ ಹೆದರಿಕೆ ಆಯ್ತು, ಅದಕ್ಕೇ ಕಾಯಿಸಿದೆ. ನಿನ್ನೆ ಅದನ್ನ ಕೈಬಿಟ್ಟೆ. ಈಗ ಹೂಂ. ಮಕ್ಕಳ ಬಟ್ಟೆ ಮಕ್ಕಳ ಹತ್ರ ಇರಲಿ. ದೊಡ್ಡವರದ್ದೂ ಇರಲಿ. ಆದರೆ ಹರಿದದ್ದನ್ನ ಯಾರೂ ಕಪಾಟಲ್ಲಿ ಬಚ್ಚಿಡಬಾರದು. ಹೊಸದು ನಿಮ್ಮನಿಮ್ಮದು. ಹರಿದದ್ದು ಎಲ್ಲರದ್ದು. ಅದನ್ನ ಇಲ್ಲಿಗೇ ತರಬೇಕು. ಅಷ್ಟು ಒಪ್ಪಿದ್ರೆ ನಂದೂ ಒಪ್ಪಿಗೆ."

ನರ್ಸಮ್ಮ ಎದ್ದು ಬಂದು ಸೂಜಿಯಕ್ಕನ ಪಕ್ಕ ನಿಲ್ಲುತ್ತಾಳೆ. ಮೇಷ್ಟ್ರು ರೂಢಿಯಂತೆ ಒಬ್ಬೊಬ್ಬರನ್ನೇ ಕೇಳುತ್ತ ಬರುತ್ತಾರೆ. ಹೂಂ, ಹೂಂ, ಹೂಂ. ನಾದಿನಿಯ ಸರದಿ ಬರುತ್ತದೆ.

"ಹರಿದದ್ದು ಎಲ್ಲರದ್ದು ಸರಿ. ಇಸ್ತ್ರಿ ಮಾತ್ರ ನನ್ನೊಬ್ಬಳದ್ದಾ? ಕಪಾಟು ಇರೋರೆಲ್ಲ ಒಂದೊಂದು ಇಸ್ತ್ರಿಪೆಟ್ಟಿಗೆ ಹಿಡೀಲಿ. ಆಗ ಹೂಂ."

ನಡುಮನೆ ನಗುತ್ತದೆ. ಇಪ್ಪತ್ತಮೂರು ಜನರ ನಗು ಎಪ್ಪತ್ತು ಜನರ ನಗುವಿನಷ್ಟು ದೊಡ್ಡದಲ್ಲ, ಆದರೂ ಮೇಜಿನ ಎರಡೂ ತುದಿಗೆ ಒಟ್ಟಿಗೇ ಮುಟ್ಟುತ್ತದೆ. ಮೇಷ್ಟ್ರು ರೊಟ್ಟಿ ಮುರಿಯುತ್ತಾರೆ. ಅದು ಕೈಯಿಂದ ಕೈಗೆ ಸಾಗಿ ಬರುವಾಗ ಸೂಜಿಯಕ್ಕನಿಗೆ ಚಾಚಿದ ಕೈಯ ಮಣಿಕಟ್ಟನ್ನು ಎರಡು ಬಣ್ಣದ ತೋಳೊಂದು ಮುಚ್ಚಿದೆ.

ಊಟವಾದ ಮೇಲೆ ಮೇಷ್ಟ್ರು, ಡ್ರೈವರ್ ಇಬ್ಬರೂ ಬಟ್ಟೆಕೋಣೆಗೆ ಬರುತ್ತಾರೆ. ಗೋಡೆಯ ದೊಡ್ಡ ಕಪಾಟನ್ನು ಬಿಚ್ಚಿ ಅದೇ ಮರದಿಂದ ಮನೆಮನೆಗೆ ಸಣ್ಣ ಕಪಾಟು ಮಾಡುವುದೆಂದು ಮಾತಾಗಿದೆ. ಸೂಜಿಯಕ್ಕನಿಗೆ ಎಷ್ಟು ಅಡ್ಡಹಲಗೆಯದು ಬೇಕು ಎಂದು ಕೇಳುತ್ತಾರೆ.

"ನನಗೆ ಕಪಾಟು ಯಾಕೆ, ಇರೋದು ಎರಡು ಜೊತೆ. ಮೊಳೆ ಹೊಡೆದುಕೊಟ್ರೆ ಸಾಕು," ಎನ್ನುತ್ತಾಳೆ. ಆಮೇಲೆ ಸ್ವಲ್ಪ ಹಿಂಜರಿದು, ಕಪಾಟಿನ ನಡುಭಾಗವನ್ನು ಬೆರಳಿನಿಂದ ತಟ್ಟಿ ತೋರಿಸುತ್ತಾಳೆ. "ಒಂದು ಕೇಳ್ತೀನಿ, ಆಗಲ್ಲ ಅನ್ನಬೇಡಿ. ಇದರ ಹಿಂದೆ ಒಂದು ಕಿಟಕಿ ಇದೆ. ಜನ ಜಾಸ್ತಿಯಾದ ವರ್ಷ ಜಾಗ ಸಾಲದೆ ನಮ್ಮ ಯಜಮಾನ್ರು ಅದಕ್ಕೆ ಅಡ್ಡವಾಗೇ ಕಪಾಟು ಕಟ್ಟಿಬಿಟ್ರು. ಇದನ್ನ ತೆಗೆದ ಮೇಲೆ ನನ್ನ ಮೇಜು ಅಲ್ಲಿಗೆ ಸರಿಸಿಕೊಡಿ. ದಾರ ಪೋಣಿಸೋಕೆ ಕಷ್ಟ ಆಗ್ತಿದೆ. ಕಣ್ಣು ಹೋಯ್ತು, ವಯಸ್ಸಾಯ್ತು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಅರ್ಧ ಈ ಕತ್ತಲೇದೇ ಇರಬೇಕು."